ಎಳ್ಳಮಾವಾಸ್ಯೆಯ ಮರುದಿನದ ಹೂಗಳು

"ಕಾಲೇಜು ಕಲಿತ ಹುಡುಗಿ ಕಾಕಾನ ಟೊಮೆಟೊ ಪ್ಲಾಟು ಕೆಡಿಸಿದಳು, ಆದರೂ ದೇವರು ದೊಡ್ಡವನು, ಬೀಜ ಪಾಸಾಯಿತು." ರಾಣೇಬೆನ್ನೂರಿನಿಂದ ದೇವರಗುಡ್ಡದ ಕಡೆಗೆ ಹೋಗುವ ಹಾದಿಯ ಒಂದು ಊರಿನಲ್ಲಿ ಯಾರನ್ನು ಕೇಳಿದರೂ ಕಥೆ ಇಷ್ಟೇ ಉದ್ದಕ್ಕೆ, ಇದೇ ಕ್ರಮದಲ್ಲಿ ಸಿಗುತ್ತದೆ. ನನಗೆ ಇದರ ಮೇಲೆ ಆಕ್ಷೇಪಣೆ ಇದೆ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು ನಾನು. ಎರಡು ಸಂಗತಿಗಳು ಒಂದರ ಹಿಂದೆ ಒಂದು ನಡೆದಿದ್ದರೆ ಅವುಗಳ ನಡುವಿನ ಸಂಬಂಧವನ್ನು ಯಾರು ಕಟ್ಟಿದರು ಎಂದು ಮೊದಲು ಕೇಳಬೇಕು. ಅವಳು ಕಾಯಿ ಕಿತ್ತದ್ದು ನಿಜ, ಬೀಜ ಪಾಸಾದದ್ದೂ ನಿಜ. ಕಿತ್ತದ್ದರಿಂದಲೇ ಪಾಸಾಯಿತು ಎಂದೇಕೆ ಆಗಬಾರದು? ಊರಿನಲ್ಲಿ ಯಾರೂ ಇದನ್ನು ಕೇಳಿಕೊಳ್ಳಲಿಲ್ಲ ಎಂದು ಬರೆದು ಮುಗಿಸಿದ್ದರೆ ನನಗೂ ನಿರಾಳವಾಗುತ್ತಿತ್ತು. ಆದರೆ ಒಬ್ಬರು ಕೇಳಿದರು. ನನ್ನನ್ನೇ ಕೇಳಿದರು.

ಆ ವರ್ಷ ನಾನು ರಾಣೇಬೆನ್ನೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ದ್ವಿತೀಯ ವರ್ಷದ ಜೀವಶಾಸ್ತ್ರಕ್ಕೆಂದು ಕರೆದಿದ್ದರು. ರಸಾಯನಶಾಸ್ತ್ರದವರು ವರ್ಗವಾಗಿ ಹೋದ ಮೇಲೆ ಅದೂ ನನ್ನ ತಲೆಗೆ ಬಂತು. ಹಾವೇರಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಬರುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ಪುಸ್ತಕದ ಎದುರು ಬಾಯಿ ಕಟ್ಟಿಕೊಂಡು ಕೂರುವುದನ್ನು ನೋಡಲಾಗದೆ, ಮೊದಲಿನ ಪಾಠಗಳನ್ನು ಮತ್ತೆ ಕನ್ನಡದಲ್ಲಿ ಮಾಡಲು ಶುರು ಮಾಡಿದೆ: ಜೀವಕೋಶ, ಆಮ್ಲ-ಪ್ರತ್ಯಾಮ್ಲ, ದ್ಯುತಿಸಂಶ್ಲೇಷಣೆ.

ದ್ಯುತಿಸಂಶ್ಲೇಷಣೆಗೆ ಎಲ್ಲರೂ ಮಾಡುವ ಪ್ರಯೋಗವನ್ನೇ ಮಾಡಿದೆ. ಎರಡು ದಿನ ಕತ್ತಲಲ್ಲಿಟ್ಟ ಕುಂಡದ ಗಿಡದ ಎಲೆಯ ಅರ್ಧಕ್ಕೆ ಕಪ್ಪು ಕಾಗದ ಸಿಕ್ಕಿಸಿ ಬಿಸಿಲಿಗೆ ಇಟ್ಟು, ಸಂಜೆ ಆ ಎಲೆಯನ್ನು ಸ್ಪಿರಿಟ್ಟಿನಲ್ಲಿ ಕುದಿಸಿ ಹಸಿರು ತೆಗೆದು, ಅಯೋಡಿನ್ ಹಾಕಿದೆ. ಬಿಸಿಲು ಕಂಡ ಅರ್ಧದಲ್ಲಿ ಪಿಷ್ಟವಿದ್ದುದರಿಂದ ಅದು ನೀಲಿಗಪ್ಪಾಯಿತು. ಕಾಗದದ ಅಡಿಯಲ್ಲಿದ್ದ ಅರ್ಧ ಹಳದಿಯಾಗಿಯೇ ಉಳಿಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ, ಕಾಗದ ಹಚ್ಚಲಾರದ ಅರ್ಧ ಯಾಕ ಬೇಕ್ರಿ? ಅದು ನೀಲಿ ಆಗ್ತೈತಿ ಅಂತ ಗೊತ್ತ ಐತೆಲ್ಲ?"

"ಗೊತ್ತೈತಿ ಅಂತ ಯಾರ ಹೇಳಿದ್ರು?" ಎಂದೆ. ತರಗತಿ ನಕ್ಕಿತು. ಎಲೆ ಮೊದಲೇ ಸತ್ತಿರಬಹುದು, ಅಯೋಡಿನ್ ಹಳಸಿರಬಹುದು. ಹೋಲಿಸಿ ನೋಡಲು ಮುಟ್ಟದೆ ಬಿಟ್ಟ ಒಂದು ಭಾಗ ಇಲ್ಲದಿದ್ದರೆ ಮುಟ್ಟಿದ ಭಾಗದ ಬಗ್ಗೆ ಏನೂ ಹೇಳಲು ಬಾರದು ಎಂದು ವಿವರಿಸಿದೆ. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ ಎಂದು ಹಲಗೆಯ ಮೇಲೆ ಬರೆದೆ. ಅವಳು ಕೂತಳು. ಅವಳ ಬೆರಳ ತುದಿಗಳು ಹಸಿರುಗಪ್ಪಾಗಿದ್ದವು. ಅದು ಟೊಮೆಟೊ ಗಿಡದ ಕಲೆ, ಸಾಬೂನಿಗೆ ಹೋಗುವುದಿಲ್ಲ.

ಅವಳಿಗೆ ತಂದೆ ಇರಲಿಲ್ಲ. ಓದಿಸುತ್ತಿದ್ದವರು ಕಾಕಾ. ಬೀಜದ ಕಂಪನಿಯೊಂದಕ್ಕೆ ಅವರು ಹೈಬ್ರಿಡ್ ಟೊಮೆಟೊ ಬೀಜ ಬೆಳೆದು ಕೊಡುತ್ತಿದ್ದರು. ವಿಜ್ಞಾನ ತೆಗೆದುಕೊಳ್ಳುತ್ತೇನೆ ಎಂದು ಅವಳು ಹಟ ಹಿಡಿದಾಗ ಮನೆಯಲ್ಲಿ ಒಂದು ಒಪ್ಪಂದವಾಗಿತ್ತು: ಸಂಜೆ-ಬೆಳಿಗ್ಗೆ ಕ್ರಾಸಿಂಗ್ ಕೆಲಸ ತಪ್ಪಿಸಬಾರದು, ಕಲಿತದ್ದು ಹೊಲಕ್ಕೆ ಉಪಯೋಗ ಬೀಳಬೇಕು. ಬಿದ್ದರೆ ಪಿಯುಸಿ ಆದ ಮೇಲೆ ಬಿ.ಎಸ್ಸಿ.ಗೂ ಕಳಿಸುವುದಾಗಿ ಕಾಕಾ ಮಾತು ಕೊಟ್ಟಿದ್ದರು.

ಕ್ರಾಸಿಂಗ್ ಎಂದರೆ ಇಷ್ಟು. ಟೊಮೆಟೊ ಹೂವಿನಲ್ಲಿ ಗಂಡೂ ಹೆಣ್ಣೂ ಒಟ್ಟಿಗೇ ಇರುತ್ತವೆ. ಬಿಟ್ಟರೆ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಅದು ಕಂಪನಿಗೆ ಬೇಡ. ಹಾಗಾಗಿ ನಾಳೆ ಅರಳಬೇಕಾದ ಮೊಗ್ಗನ್ನು ಇಂದು ಸಂಜೆಯೇ ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಕೇಸರದ ಕೊಳವೆಯನ್ನು ಪರಾಗ ಉದುರುವ ಮೊದಲೇ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಬೆರಳಿನಿಂದ ಅದಕ್ಕೆ ಮುಟ್ಟಿಸಿ, ಗುರುತಿಗೆಂದು ತೊಟ್ಟಿನ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸಬೇಕು. ಹಣ್ಣಾದಾಗ ಎಸಳು ಕತ್ತರಿಸಿದ ಕಾಯಿಯ ಬೀಜವನ್ನಷ್ಟೇ ತೆಗೆಯುತ್ತಾರೆ. ಕಂಪನಿಯವರು ಅದರಲ್ಲಿ ಸ್ವಲ್ಪ ಬಿತ್ತಿ ನೋಡಿ, ಮಿತಿ ಮೀರಿ ಬೆರಕೆ ಕಂಡರೆ ಪೂರಾ ಬೀಜವನ್ನು ತಿರಸ್ಕರಿಸುತ್ತಾರೆ.

ಆಮ್ಲದ ಪಾಠದ ದಿನವೂ ಅವಳು ಹೊಲವನ್ನೇ ತಂದಳು. ಬೀಜದ ಲೋಳೆ ಬಿಡಿಸಲು ಕಂಪನಿಯವರು ಹೈಡ್ರೋಕ್ಲೋರಿಕ್ ಆಮ್ಲ ಸುರಿಯುತ್ತಾರೆ, ಒಳಗಿನ ಜೀವ ಯಾಕೆ ಸಾಯುವುದಿಲ್ಲ ಎಂದಳು. ಬೀಜದ ಸಿಪ್ಪೆ ಸ್ವಲ್ಪ ಹೊತ್ತು ತಡೆಯುತ್ತದೆ, ಹೊತ್ತು ಹೆಚ್ಚಾದರೆ ಸಾಯುತ್ತದೆ, ಅದಕ್ಕೇ ತೊಳೆದ ನೀರಿನಲ್ಲಿ ನೀಲಿ ಲಿಟ್ಮಸ್ ನೀಲಿಯಾಗಿಯೇ ಉಳಿಯುವವರೆಗೆ ತೊಳೆಯಬೇಕು ಎಂದೆ. ಆಮೇಲೆ ಅವಳು ನನ್ನನ್ನು ಮಾತಿನಲ್ಲಿ ಹಿಡಿದಳು.

"ಸರ, ಕೇಸರ ಕಿತ್ತು, ಪರಾಗ ಹಚ್ಚಲಾರದ ಹಂಗ ಬಿಟ್ಟ ಹೂವು ಕಾಯಿ ಕಟ್ತೈತೇನ್ರಿ?"

"ಕಟ್ಟಂಗಿಲ್ಲ. ಉದುರಿ ಬೀಳ್ತೈತಿ."

"ಉದುರತೈತಿ ಅಂತ ಯಾರ ಹೇಳಿದ್ರು?"

ಈ ಸಲ ತರಗತಿ ನಕ್ಕದ್ದು ನನ್ನನ್ನು ನೋಡಿ. ಕಾಕಾ ಏನೂ ಅನ್ನದಿದ್ದರೆ ಮಾಡಿ ನೋಡು ಎಂದೆ. ಹೂವಿಗೇನು ಬರ, ನಾಲ್ಕು ಹೂವಿನಿಂದ ನನ್ನ ಹೊಲ ಮುಳುಗುವುದಿಲ್ಲ ಎಂದರಂತೆ ಕಾಕಾ. ಅವಳು ದಿನಾ ಸಂಜೆ ಕೆಲವು ಹೂಗಳ ಕೇಸರ ಕಿತ್ತು, ಪರಾಗ ಮುಟ್ಟಿಸದೆ, ಹಸಿರು ದಾರ ಕಟ್ಟಿ ಬಿಟ್ಟಳು. ಕೆಲಸಕ್ಕೆ ಬರುವ ಹೆಂಗಸರು "ಏನವಾ, ಟೊಮೆಟೊಕ್ಕ ತಾಳಿ ಕಟ್ಟಾಕತ್ತಿಯೇನು?" ಎಂದು ಕಾಡಿಸಿದರಂತೆ. "ತಾಳಿ ಕಟ್ಟಿಲ್ಲ ಯಕ್ಕಾ, ಬ್ರಹ್ಮಚಾರಿ ಮಾಡೀನಿ" ಎಂದಳಂತೆ ಇವಳು.

ಆ ನಡುವೆ ಎಳ್ಳಮಾವಾಸ್ಯೆ ಬಂತು. ಊಟಕ್ಕೆ ನನ್ನನ್ನೂ ಕರೆದರು. ಹೊಲದಲ್ಲಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿ, ಬದುವಿನ ಮೇಲೆ ಎಲ್ಲರೂ ಕೂತು ಉಂಡೆವು: ಸಜ್ಜಿ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಕೈಯಳತೆಯಲ್ಲೇ ಟೊಮೆಟೊ ಸಾಲು. ಸಂಜೆಗೆ ಬಿಡಿಸಬೇಕಾದ ಮೊಗ್ಗುಗಳು ಉಬ್ಬಿ ನಿಂತಿದ್ದವು. ಕೆಲಸದ ಹೆಂಗಸರೆಲ್ಲ ಅಲ್ಲೇ ಇದ್ದರು, ಹೊಸ ಸೀರೆಯಲ್ಲಿ.

"ಸಂಜೀಕ ಮೊಗ್ಗ ಬಿಡಸೂದಿಲ್ಲೇನ್ರಿ, ಯಜಮಾನ್ರ?" ಎಂದೆ.

ಕಾಕಾ ರೊಟ್ಟಿ ಮುರಿಯುತ್ತ ನಕ್ಕರು. "ಮಾಸ್ತರ್ರ, ಬಸುರಿಗೆ ಬಯಕಿ ಉಣಸೋ ದಿನ ಯಾರರ ಆಕಿ ಹೊಟ್ಟಿ ಮ್ಯಾಲ ಕತ್ರಿ ಆಡಸ್ತಾರೇನ್ರಿ? ಇವತ್ತ ಯಾರೂ ಗಿಡ ಮುಟ್ಟಂಗಿಲ್ಲ. ಇನ್ನೊಂದ ಕಡುಬು ಹಾಕ್ಕೋರಿ."

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಕಡುಬು ಅದನ್ನು ತಡೆಯಿತು.

ಮರುದಿನ ಸಂಜೆಯ ಸಂಗತಿ ಅವಳು ಹೇಳಿದ್ದು. ಹಿಂದಿನ ದಿನ ಬಿಡಿಸದೆ ಬಿಟ್ಟ ಮೊಗ್ಗುಗಳು ಆ ಹೊತ್ತಿಗೆ ಅರಳಿದ್ದವು. ಹಿರಿಯ ಹೆಂಗಸೊಬ್ಬಳು "ಯಣ್ಣಾ, ಇವು ಅರಳ್ಯಾವಲ್ಲ" ಎಂದಳು. "ಅರಳಿದ್ರ ಏನಾತವಾ, ಒಂದ ದಿನದ್ದ. ಬಿಟ್ರ ಗಿಡಕ್ಕೊಂದು ಗೊಂಚಲು ಹೊಕ್ಕೈತಿ. ಕೇಸರ ಕಿತ್ತು ಹಚ್ಚರಿ" ಎಂದರು ಕಾಕಾ. ಹೆಂಗಸರು ಕಿತ್ತರು. ಮರುದಿನ ಪರಾಗ ಮುಟ್ಟಿಸಿ, ಎಸಳು ಕತ್ತರಿಸಿದರು. ಇವಳು ಆ ಸಂಜೆಯೂ ಅಂಥ ಕೆಲವು ಹೂಗಳ ಕೇಸರ ಕಿತ್ತು, ಪರಾಗ ಹಚ್ಚದೆ ಹಸಿರು ದಾರ ಕಟ್ಟಿದಳು.

ಮುಂದಿನ ವಾರ ಕಳೆದು ಅವಳು ಕರೆದಳೆಂದು ಹೋದೆ. ಬೇರೆ ದಿನಗಳಲ್ಲಿ ದಾರ ಕಟ್ಟಿದ ಹೂಗಳ ತೊಟ್ಟು ಹಳದಿಯಾಗಿ ಉದುರಿತ್ತು. ಬರೀ ದಾರ ಜೋತುಬಿದ್ದಿತ್ತು. ಎಳ್ಳಮಾವಾಸ್ಯೆಯ ಮರುದಿನ ಕಟ್ಟಿದವುಗಳಲ್ಲಿ ಬಹಳಷ್ಟು ಉದುರಿರಲಿಲ್ಲ. ಅಂಥ ಪ್ರತಿ ದಾರದ ತುದಿಗೂ ಕಡಲೆ ಗಾತ್ರದ ಹಸಿರು ಕಾಯಿ. ಯಾರೂ ಪರಾಗ ಮುಟ್ಟಿಸದಿದ್ದರೂ ಕಾಯಿ ಕಟ್ಟಿದ್ದವು. ಅರ್ಥ ಒಂದೇ: ಅರಳಿದ ಹೂವಿನಲ್ಲಿ ಅದರದೇ ಪರಾಗ ಮೊದಲೇ ಉದುರಿತ್ತು, ಕೇಸರ ಕಿತ್ತದ್ದು ತಡವಾಗಿತ್ತು. ಹಾಗಿದ್ದರೆ ಅದೇ ಸಂಜೆ ಪ್ಲಾಟಿನ ತುಂಬ ಕೇಸರ ಕಿತ್ತ ಉಳಿದ ಹೂಗಳೂ ಹಾಗೇ. ಅವುಗಳಿಗೆ ಹೊರಗಿನ ಪರಾಗ ಮುಟ್ಟಿಸಿ, ಎಸಳು ಕತ್ತರಿಸಿ ಶುದ್ಧವೆಂದು ಗುರುತು ಹಾಕಿಯಾಗಿತ್ತು.

ಕಾಕಾನನ್ನು ಕರೆದು ತೋರಿಸಿದೆವು. ಅವರು ಬಗ್ಗಿ ಕಾಯಿ ನೋಡಿದರು. ತಿಳಿಯದ ಮನುಷ್ಯರಲ್ಲ, ಮುಖ ಸಣ್ಣದಾಯಿತು. ನಾನು ಅಷ್ಟಕ್ಕೆ ಸುಮ್ಮನಿರಲಿಲ್ಲ. ಗಿಡಕ್ಕೆ ಅಮಾವಾಸ್ಯೆ ಗೊತ್ತಿಲ್ಲ, ಪಂಚಾಂಗ ನೋಡಿ ಹೂ ಅರಳುವುದಿಲ್ಲ ಎಂದು ಶುರು ಮಾಡಿದೆ. ಮಾತು ಕಾಯಿಯಿಂದ ಎದ್ದು ಅಮಾವಾಸ್ಯೆಯ ಮೇಲೆ ಹೋಗಿ ಕೂತಿತು.

"ನಿಮಗ ಆಯ್ತವಾರ ಸೂಟಿ ಐತೋ ಇಲ್ಲೋ?" ಎಂದರು ಕಾಕಾ.

"ಐತ್ರಿ."

"ಆಯ್ತವಾರ ಹುಡುಗ್ರು ಕಲಿಯೂದು ನಿಂತೈತೇನು? ಹಂಗ ಇದೂ. ಅದ ಬಿಡ್ರಿ. ಎಷ್ಟ ಕಾಯಿ ಕೆಟ್ಟಾವು, ಹೇಳ್ರಿ."

"ಅದನ್ನ ಹೇಳಾಕ ಬರಂಗಿಲ್ರಿ. ಕೆಲವು ಪೂರಾ, ಕೆಲವು ಅರ್ಧ ಇರಬಹುದು."

"ಕಂಪನಿಯವ್ರು ಸ್ವಲ್ಪ ಬೆರಕಿ ಇದ್ರ ಬಿಡ್ತಾರೋ ಇಲ್ಲೋ?"

"ಸ್ವಲ್ಪ ಇದ್ರ ಬಿಡ್ತಾರ."

"ಮತ್ತ ಆ ಸ್ವಲ್ಪದಾಗ ನಾವು ಬರ್ತೀವಿ ತಗೋರಿ" ಎಂದು ಕಾಕಾ ದಾರದ ಕಾಯಿಗಳನ್ನೆಲ್ಲ ಚಿವುಟಿ ಬದುವಿನ ಆಚೆ ಎಸೆದರು. ವಾದದಲ್ಲಿ ಅವರದು ತಪ್ಪಿರಲಿಲ್ಲ. ನನ್ನ ಬಳಿ ಅಂದಾಜು ಇತ್ತು, ಅವರ ಬಳಿ ಕಾಯಿ ತುಂಬಿದ ಗಿಡಗಳಿದ್ದವು.

ಇನ್ನೊಂದು ಪ್ರಯೋಗ ಮಾಡೋಣ, ಈ ಸಲ ಹೂವಿಗೆ ಕಾಗದದ ಚೀಲ ಹಾಕಿ ದುಂಬಿ-ಗಾಳಿಯ ಅನುಮಾನವನ್ನೂ ತೆಗೆಯೋಣ, ಆಮೇಲೆ ಕಾಕಾನಿಗೆ ಗಟ್ಟಿಯಾಗಿ ಹೇಳಬಹುದು ಎಂದೆ ಅವಳಿಗೆ.

"ಅಷ್ಟರಾಗ ಆ ಕಾಯಿ ಹಣ್ಣಾಗಿ ಬೀಜದ ಚೀಲಾ ಸೇರ್ತಾವ್ರಿ ಸರ" ಎಂದಳು.

ನಿರ್ಧಾರ ತೆಗೆದುಕೊಂಡವಳು ಅವಳು. ಗೊಂಚಲುಗಳು ಗಿಡದಲ್ಲಿ ಕೆಳಗಿನಿಂದ ಮೇಲಕ್ಕೆ ಒಂದರ ನಂತರ ಒಂದು ಬರುತ್ತವೆ. ಆ ಸಂಜೆಯದು ಯಾವುದು ಎಂದು ಅವಳಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ಸಾಲಿಗಿಳಿದು, ಪ್ರತಿ ಗಿಡದಲ್ಲೂ ಆ ಗೊಂಚಲನ್ನೇ ಹುಡುಕಿ ಕೀಳುತ್ತ ಹೋದಳು. ಕ್ರಾಸ್ ಆಗದ ಕಾಯಿಗಳನ್ನು ಕಿತ್ತು ಒಗೆಯುವುದು ದಿನದ ಕೆಲಸವೇ ಆದ್ದರಿಂದ ಹೆಂಗಸರು ಮೊದಲು ಗಮನಿಸಲಿಲ್ಲ. ಆಮೇಲೆ ಯಾರೋ ಬುಟ್ಟಿಗೆ ಕೈ ಹಾಕಿ ನೋಡಿದರು.

"ಯವ್ವಾ, ಎಸಳ ಕತ್ತರಿಸಿದ ಕಾಯಿ ಹರ್ಯಾಕತ್ತ್ಯಾಳಲ್ಲ ಈಕಿ!"

ಕಾಕಾ ಬರುವ ಹೊತ್ತಿಗೆ ಬುಟ್ಟಿಗಳು ಸಾಲಾಗಿ ತುಂಬಿದ್ದವು. ಅವರು ಕೈ ಎತ್ತಲಿಲ್ಲ, ಕೂಗಲಿಲ್ಲ. ಬದುವಿನ ಮೇಲೆ ಕುಸಿದು ಕೂತರು ಎಂದು ಹೆಂಗಸರೇ ನನಗೆ ಹೇಳಿದರು.

ಸುದ್ದಿ ತಿಳಿದು ನಾನು ಓಡಿದೆ. ಕಿತ್ತ ಕಾಯಿಗಳ ಬೀಜ ಬಿತ್ತಿ ಮೊಳಕೆ ತೋರಿಸಬಹುದೆಂಬ ಆಸೆಯಿಂದ ಬ್ಲೇಡಿನಿಂದ ಕೊಯ್ದು ನೋಡಿದೆ. ಬೀಜವೆಲ್ಲ ಇನ್ನೂ ಹಾಲು. ಬೆರಳಿಗೆ ಒತ್ತಿದರೆ ನೀರು.

"ಒಂದ ಸಾಲರ ಹಂಗ ಬಿಡಬೇಕಿತ್ತಲ್ಲವಾ, ಹೋಲಸಾಕ? ಒಂದು ಸಾಲು ಇದ್ದಿದ್ರ ನಾ ಮುಂದ ಯಾರ ಮುಂದ ಬೇಕಾದ್ರ ನಿಂತು ಹೇಳ್ತಿದ್ದೆ."

"ಬಿಟ್ಟಿದ್ರ ಆ ಸಾಲಿನ ಬೀಜ ಯಾರೋ ರೈತನ ಹೊಲಕ್ಕ ಹೋಗ್ತಿತ್ತಲ್ರಿ ಸರ" ಎಂದಳು.

ಪ್ರಯೋಗ ಮಾಡುವವನಿಗೆ ಹೋಲಿಕೆಯ ಸಾಲು ಬೇಕು. ಹೊಲ ಮಾಡುವವಳಿಗೆ ಅದು ಗೊತ್ತಿದ್ದೂ ಕಳಿಸಿದ ಕೆಟ್ಟ ಬೀಜ.

ಕಾಲೇಜು ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದೆ. ಕಾಕಾ ನಿಲ್ಲಿಸಲಿಲ್ಲ. "ಪರೀಕ್ಷಾ ಬರೀಲಿ. ಬೀಜದ್ದೂ ರಿಸಲ್ಟ್ ಬರ್ಲಿ, ಆಕೀದೂ ಬರ್ಲಿ. ಎರಡೂ ನೋಡಿ ಮಾತಾಡೂಣು" ಎಂದರು. ರೈಲಿನಲ್ಲಿ ಹಾವೇರಿಗೆ ಹಿಂತಿರುಗುವಾಗ ಲೆಕ್ಕ ಹಾಕಿದೆ. ಬೀಜ ಫೇಲಾದರೆ, ಕಿತ್ತೂ ಉಪಯೋಗವಾಗಲಿಲ್ಲ ಎನ್ನುತ್ತಾರೆ. ಪಾಸಾದರೆ, ಸುಮ್ಮನೆ ಕಿತ್ತಳು ಎನ್ನುತ್ತಾರೆ. ಯಾವ ಕಡೆಯಿಂದ ನೋಡಿದರೂ ಅವಳು ಸೋಲುವಂತೆ ಪಂದ್ಯ ಕಟ್ಟಿದಂತಿತ್ತು. ಅದನ್ನು ಕಾಕಾ ಕಟ್ಟಿದ್ದಲ್ಲ. ಹೋಲಿಕೆಗೆ ಏನೂ ಉಳಿಯದ ಕಡೆ ಅದು ತಾನಾಗಿಯೇ ಹಾಗೆ ಕಟ್ಟಿಕೊಳ್ಳುತ್ತದೆ.

ಬೇಸಿಗೆಯ ಕೊನೆಗೆ ಎರಡೂ ಫಲಿತಾಂಶ ಬಂದವು. ಅವಳು ಪ್ರಥಮ ದರ್ಜೆಯಲ್ಲಿ ಪಾಸು. ಬೀಜವೂ ಪಾಸು, ಬೆರಕೆ ಮಿತಿಯೊಳಗೆ. ಇಳುವರಿ ಮಾತ್ರ ಅಕ್ಕಪಕ್ಕದ ಪ್ಲಾಟುಗಳಿಗಿಂತ ಕಡಿಮೆ. ಕಾಕಾ ನನ್ನನ್ನು ಕರೆಸಿದರು. ಪಡಸಾಲೆಯಲ್ಲಿ ಊರಿನ ಇಬ್ಬರು ಹಿರಿಯರು ಮತ್ತು ಕಂಪನಿಯ ಸೂಪರ್‌ವೈಸರ್ ಕೂತಿದ್ದರು. ಒಳಮನೆಯ ಬಾಗಿಲ ಮರೆಯಲ್ಲಿ ಅವಳಿದ್ದಳು. ಸೆರಗಿನ ಅಂಚು ಕಾಣುತ್ತಿತ್ತು.

ಸೂಪರ್‌ವೈಸರ್ ಮೊದಲೇ ಕೈ ತೊಳೆದುಕೊಂಡ. "ನಾವು ಬಂದ ಬೀಜ ನೋಡ್ತೀವ್ರಿ. ಬರಲಾರದ ಬೀಜದ್ದು ನಮಗೇನು ಗೊತ್ತು?"

ಹಿರಿಯರೊಬ್ಬರು ಗೊಣಗಿದರು. "ಪಕ್ಕದ ಹೊಲದಾವ್ರೂ ಅಮಾಸಿ ಹಿಡದ್ರು. ಅವ್ರದೂ ಪಾಸಾತಲ್ಲ."

"ಅವರು ಮರುದಿನ ಅರಳಿದ ಹೂವು ಮುಟ್ಟಿದ್ರೋ ಬಿಟ್ಟಿದ್ರೋ, ಕೇಳೀರೇನ್ರಿ?" ಎಂದೆ. ಯಾರೂ ಕೇಳಿರಲಿಲ್ಲ. ಆಮೇಲೆ ನಾನೇ ಕೇಳಿದೆ. ಕೆಲವರು ಬಿಟ್ಟಿದ್ದರು, ಕೆಲವರಿಗೆ ನೆನಪಿರಲಿಲ್ಲ. ಅದರಿಂದಲೂ ಏನೂ ಸಾಬೀತಾಗಲಿಲ್ಲ.

ಕಾಕಾ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಮಾಸ್ತರ್ರ, ನನಗ ಬ್ಯಾರೆ ಏನೂ ಬ್ಯಾಡ. ಆಕಿ ಆ ಕಾಯಿ ಹರೀಲಾರದ ಬಿಟ್ಟಿದ್ರ ಬೀಜ ಫೇಲ್ ಆಗ್ತಿತ್ತೋ ಇಲ್ಲೋ? ಆಗ್ತಿತ್ತು ಅಂತ ನೀವು ಖಾತ್ರಿ ಹೇಳ್ರಿ. ಆಕಿ ನಮ್ಮನ್ನ ಉಳಿಸಿದ್ಲು ಅಂತ ತಿಳೀತೀನಿ. ನಾಳೀನ ಕರಕೊಂಡ ಹೋಗಿ ಬಿ.ಎಸ್ಸಿ.ಗೆ ಹಚ್ತೀನಿ."

ಹೌದು ಎನ್ನಲು ಒಂದು ಉಸಿರು ಸಾಕಿತ್ತು. ವೇದಿಕೆಯ ಮೇಲೆ ನಾನು ಅದಕ್ಕಿಂತ ದುರ್ಬಲ ಆಧಾರ ಇಟ್ಟುಕೊಂಡು ಎಷ್ಟೋ ಸಲ ಖಾತ್ರಿಯಾಗಿ ಮಾತಾಡಿದ್ದೇನೆ, ಫಲಕ ಗೆದ್ದಿದ್ದೇನೆ. ವಿಷಯದ ಪರವಾಗಿ ಮಾತಾಡು ಎಂದರೆ ಪರ, ವಿರೋಧವಾಗಿ ಎಂದರೆ ವಿರೋಧ. ಆದರೆ ಇಲ್ಲಿ ಬಾಗಿಲ ಮರೆಯಲ್ಲಿದ್ದವಳಿಗೆ, ಮುಟ್ಟದೆ ಬಿಟ್ಟ ಭಾಗ ಇಲ್ಲದಿದ್ದರೆ ಏನೂ ಹೇಳಲು ಬಾರದು ಎಂದು ಕಲಿಸಿದವನು ನಾನು. ಫೇಲಾಗುವ ಸಾಧ್ಯತೆ ಬಹಳ ಇತ್ತು ಎಂದು ನಂಬಿದ್ದೆ. ಖಾತ್ರಿ ಇರಲಿಲ್ಲ.

"ಆಗೂ ಸಂಭವ ಬಾಳ ಇತ್ರಿ, ಯಜಮಾನ್ರ. ಖಾತ್ರಿ ಮಾತ್ರ ಹೇಳಾಕ ಆಗಂಗಿಲ್ಲ."

ಅವರು ತಲೆಯಾಡಿಸಿದರು. ಸಿಟ್ಟಿರಲಿಲ್ಲ. "ನೀವು ಸುಳ್ಳ ಹೇಳಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ನಿಮ್ಮನ್ನ ಕೇಳಿದ್ದು" ಎಂದರು. ಚಹಾ ಬಂತು. ಕುಡಿದು ಎದ್ದೆ. ಬಾಗಿಲ ಮರೆಯಲ್ಲಿ ಆಗ ಯಾರೂ ಇರಲಿಲ್ಲ.

ಅವಳ ಬಿ.ಎಸ್ಸಿ. ಆಗಲಿಲ್ಲ. ಮಳೆಗಾಲದಲ್ಲಿ ಅವಳನ್ನು ಬ್ಯಾಡಗಿಯ ಅಕ್ಕನ ಮನೆಗೆ ಕಳಿಸಿದರು ಎಂದು ತಿಳಿಯಿತು. ಆಮೇಲೆ ಎರಡು ಸಲ ಕಾಕಾನ ಬಳಿ ಹೋದೆ. ಆದರದಿಂದ ಕೂರಿಸಿದರು, ಬೆಳೆಯ ಮಾತಾಡಿದರು, ಈ ಮಾತು ಬಂದಾಗ ಎದ್ದು ದನದ ಕಡೆಗೆ ಹೋದರು. ಇಷ್ಟಾದರೂ ಒಂದನ್ನು ಹೇಳಬೇಕು: ಅವರ ಹೊಲದಲ್ಲಿ ಈಗ ಎಳ್ಳಮಾವಾಸ್ಯೆಯ ಮರುದಿನ ಅರಳಿದ ಹೂಗಳನ್ನು ಚಿವುಟಿ ಒಗೆಯುತ್ತಾರೆ. ಯಾಕೆ ಎಂದರೆ "ಮೊದಲಿಂದ ಹಂಗ" ಎನ್ನುತ್ತಾರೆ ಹೆಂಗಸರು.

ಕಳೆದ ಸುಗ್ಗಿಯಲ್ಲಿ ಸ್ನೇಹಿತನೊಬ್ಬನ ಕೆಲಸಕ್ಕೆಂದು ಬ್ಯಾಡಗಿಯಲ್ಲಿ ಇಳಿದಿದ್ದೆ. ಮಾರುಕಟ್ಟೆಯ ಹಿಂದಿನ ಅಂಗಳದಲ್ಲಿ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು. ಘಾಟಿಗೆ ನಾನು ಕೆಮ್ಮುತ್ತ ನಿಂತಾಗ ಒಬ್ಬಳು ತಲೆ ಎತ್ತಿದಳು.

"ಸರ, ಮೂಗಿಗೆ ಅರಿವಿ ಹಿಡ್ಕೋರಿ. ಹೊಸಬ್ರಿಗೆ ಆಗಂಗಿಲ್ಲ" ಎಂದು ನಕ್ಕಳು. ಅಕ್ಕನ ಮಕ್ಕಳಿಗೆ ಮನೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಳಂತೆ. "ಬಾಳ ಪ್ರಶ್ನಿ ಕೇಳ್ತಾವ್ರಿ, ಬಡೀಬೇಕ ಅನಸ್ತೈತಿ" ಎಂದಳು. ಕಾಕಾ ಹೇಗಿದ್ದಾರೆ ಎಂದು ಅವಳೇ ಕೇಳಿದಳು. ಚೆನ್ನಾಗಿದ್ದಾರೆ ಎಂದೆ. ಪಕ್ಕದವಳು ಇನ್ನೊಂದು ಚೀಲ ಸುರಿದಳು. ಕೆಂಪು ರಾಶಿ ನಮ್ಮಿಬ್ಬರ ನಡುವೆ ಹರಡಿತು.

ಅಷ್ಟು ದಿನ ನನ್ನ ಜೊತೆ ನಾನೇ ವಾದ ಮಾಡಿ ಮುಗಿಯದಿದ್ದುದನ್ನು ಅಲ್ಲಿ ನಿಂತೇ ಕೇಳಿದೆ.

"ಅವತ್ತ ಬಾಗಲದಾಗ ನಿಂತಿದ್ದೆಲ್ಲ ತಂಗಿ, ನಿಮ್ಮ ಕಾಕಾ ನನ್ನ ಕೇಳಿದಾಗ... ನಾ ಏನ್ ಹೇಳ್ಲಿ ಅಂತ ಇತ್ತವಾ ನಿನ್ನ ಮನಸಿನ್ಯಾಗ?"